ಮೊದಲ ಎರರ್ ಓದಮ್ಮ

ನೋಡಮ್ಮ, ಆರ್ ಭಾಷೆಯಲ್ಲಿ ‘ಆರ್‌ಮರಿಯಾಡಿಬಿ’ ಪ್ಯಾಕೇಜು ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ನೀನು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಕೊನೆಯ ಒಂದೆರಡು ಸಾಲು ಮಾತ್ರ ಇವೆ. ‘ನಾನ್-ಜೀರೋ ಎಕ್ಸಿಟ್ ಸ್ಟೇಟಸ್’ ಎಂದರೆ ಕೆಲಸ ಕೆಟ್ಟಿತು ಎಂದಷ್ಟೇ. ಯಾಕೆ ಕೆಟ್ಟಿತು ಎನ್ನುವುದು ಮೇಲೆಲ್ಲೋ ಇರುತ್ತದೆ. ಸ್ಕ್ರೋಲ್ ಮಾಡಿಕೊಂಡು ಹೋಗು; ಮೊಟ್ಟಮೊದಲು ಎಲ್ಲಿ ತಕರಾರು ಶುರುವಾಯಿತೋ ಅಲ್ಲಿ ನಿಂತು ನಿಧಾನವಾಗಿ ಓದು.

ನಿನ್ನದು ಉಬುಂಟು. ಅಲ್ಲಿ ಬಹುಮಟ್ಟಿಗೆ ‘ಲಿಬ್‌ಮರಿಯಾಡಿಬಿ-ಡೆವ್’ ಸಿಗಲಿಲ್ಲ ಎನ್ನುವ ಸಾಲು ಕಾಣುತ್ತದೆ. ಉಬುಂಟುವಿಗೆ ಯಾವುದನ್ನು ಹಾಕಬೇಕು, ಫೆಡೋರಾಗೆ ಯಾವುದನ್ನು ಎಂದು ಅಲ್ಲೇ ಕೆಳಗೆ ಬರೆದೂ ಇರುತ್ತದೆ. ರೋಗ ಹೇಳಿದವರೇ ಮದ್ದಿನ ಚೀಟಿಯನ್ನೂ ಕೊಟ್ಟಿದ್ದಾರೆ, ಓದುವವರಿಲ್ಲ ಅಷ್ಟೆ.

‘ಮರಿಯಾಡಿಬಿ ಡೇಟಾಬೇಸ್ ನನ್ನ ಮಷೀನಿನಲ್ಲಿ ಓಡುತ್ತಲೇ ಇದೆಯಲ್ಲ’ ಎನ್ನುತ್ತೀಯ, ಗೊತ್ತು. ಅದು ಓಡುವುದಕ್ಕೆ ಬೇಕಾದದ್ದು ಬೇರೆ, ಅದರ ಜೊತೆ ಮಾತಾಡುವ ಪ್ಯಾಕೇಜನ್ನು ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು ಬೇರೆ. ಎರಡನೆಯವು ‘ಡೆವ್’ ಎಂಬ ಹೆಸರಿನ ಗಂಟಿನಲ್ಲಿ ಪ್ರತ್ಯೇಕವಾಗಿ ಬರುತ್ತವೆ. ಪಕ್ಕದ ಸೀಟಿನವನಿಗೆ ವಿಂಡೋಸ್‌ನಲ್ಲಿ ಒಂದೇ ಏಟಿಗೆ ಆಯಿತೆಂದು ಕೊರಗಬೇಡ. ಆರ್ ಪ್ಯಾಕೇಜುಗಳ ಭಂಡಾರವಾದ ಕ್ರಾನ್ ವಿಂಡೋಸಿಗೂ ಮ್ಯಾಕಿಗೂ ಸಿದ್ಧ ಬೈನರಿ ಕೊಡುತ್ತದೆ. ಲಿನಕ್ಸಿನವರ ಕೈಗೆ ಸೋರ್ಸ್ ಕೊಟ್ಟು ಸುಮ್ಮನಾಗುತ್ತದೆ.

ತಪ್ಪು ಕಂಪೈಲರಿನದೋ ಲೈಬ್ರರಿಯದೋ ಎಂದು ಅನುಮಾನ ಬಂದರೆ ಮೊದಲು ‘ಆರ್‌ಎಸ್‌ಕ್ಯೂಲೈಟ್’ ಹಾಕಿ ನೋಡು. ಎಸ್‌ಕ್ಯೂಲೈಟ್ ಪೂರ್ತಿ ಅದರೊಳಗೇ ಇರುವುದರಿಂದ ಹೊರಗಿನ ಡೇಟಾಬೇಸ್ ಲೈಬ್ರರಿ ಕೇಳುವುದಿಲ್ಲ. ಸೋರ್ಸಿನಿಂದ ಅದು ಸಲೀಸಾಗಿ ಆಯಿತೆಂದರೆ ಕಂಪೈಲರ್ ಸರಿಯಿದೆ, ಕೊರತೆ ಬೇರೆ ಕಡೆ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಕೆಲವೊಮ್ಮೆ ‘00ಲಾಕ್’ ಎಂದು ಶುರುವಾಗುವ ಫೋಲ್ಡರ್ ಬಿಟ್ಟುಹೋಗುತ್ತದೆ. ಬೇರೆ ಇನ್‌ಸ್ಟಾಲ್ ಓಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಳಿಸು. ಮತ್ತೆ, ಯಾರೋ ಹೇಳಿದರೆಂದು ಹಳೆಯ ‘ಆರ್‌ಮೈಎಸ್‌ಕ್ಯೂಎಲ್’ ಕಡೆ ಓಡಬೇಡ. ಅದನ್ನು ನೋಡಿಕೊಳ್ಳುವವರೇ ಆರ್‌ಮರಿಯಾಡಿಬಿ ಬಳಸಿ ಎನ್ನುತ್ತಿದ್ದಾರೆ.

ಮುಂದೆ ಒಡಿಬಿಸಿ ಡ್ರೈವರ್ ಮೂಲಕ ಡೇಟಾಬೇಸ್ ಮುಟ್ಟುವ ಕೆಲಸ ಬಂದಾಗ ಒಂದು ಕೀಟಲೆ ನೆನಪಿಟ್ಟುಕೋ. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಅಡ್ಮಿನಿಸ್ಟ್ರೇಟರ್ ಎರಡಿವೆ. 64 ಬಿಟ್‌ನದು ‘ಸಿಸ್ಟಮ್32’ ಫೋಲ್ಡರಿನಲ್ಲಿ, 32 ಬಿಟ್‌ನದು ‘ಸಿಸ್‌ವಾವ್64’ ಫೋಲ್ಡರಿನಲ್ಲಿ. ಹೌದು, ಉಲ್ಟಾನೇ. 2022ರಲ್ಲಿ ಬಂದ ಆರ್ 4.2.0ರಿಂದ ವಿಂಡೋಸಿನಲ್ಲಿ 32 ಬಿಟ್ ಆರ್ ನಿಂತೇಹೋಗಿದೆ. ಹಾಗಾಗಿ ಡ್ರೈವರೂ 64 ಬಿಟ್‌ನದೇ ಆಗಬೇಕು. ಇಲ್ಲದಿದ್ದರೆ ‘ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’ ಎನ್ನುತ್ತದೆ. ಆಗ ಪ್ಯಾಕೇಜನ್ನು ಕಿತ್ತು ಮತ್ತೆ ಹಾಕಿ ಪ್ರಯೋಜನವಿಲ್ಲ.

ಆರ್‌ಮರಿಯಾಡಿಬಿ ಪ್ಯಾಕೇಜು ಲೋಡ್ ಆಗಿ, ಕನೆಕ್ಟ್ ಮಾಡುವಾಗ ‘ಆಕ್ಸೆಸ್ ಡಿನೈಡ್’ ಬಂತೆನ್ನು. ಖುಷಿಪಡು! ಸರ್ವರ್‌ವರೆಗೆ ಮುಟ್ಟಿದ್ದೀಯ, ಇನ್ನು ಯೂಸರ್, ಪಾಸ್‌ವರ್ಡ್, ಪರ್ಮಿಷನ್ ವಿಚಾರ. ಸರ್ವರನ್ನು ಮುಟ್ಟಲೇ ಇಲ್ಲವಾದರೆ ಹೋಸ್ಟ್ ಹೆಸರು, ಫೈರ್‌ವಾಲ್, 3306ನೇ ಪೋರ್ಟು ನೋಡಬೇಕು.

ಆಫೀಸಿನ ಸರ್ವರಿನಲ್ಲಿ ‘ಡೆವ್’ ಪ್ಯಾಕೇಜು ಹಾಕಲು ನಿನಗೆ ಸುಡೋ ಅಧಿಕಾರ ಇರುವುದಿಲ್ಲ. ಅಡ್ಮಿನ್‌ಗೆ ಮೇಲ್ ಬರೆಯುವಾಗ ಆ ಮೊದಲ ಎರರ್ ಸಾಲನ್ನೂ ಬೇಕಾದ ಲೈಬ್ರರಿಯ ಹೆಸರನ್ನೂ ಇದ್ದಂತೆಯೇ ಅಂಟಿಸು. ‘ಆರ್ ಕೆಲಸ ಮಾಡುತ್ತಿಲ್ಲ ಸರ್’ ಎಂದು ಬರೆದರೆ, ಅವರು ಮೊದಲು ಹೇಳುವುದೇ ರೀಸ್ಟಾರ್ಟ್ ಮಾಡಮ್ಮ ಎಂದು.