ಪಾಳು ಕಟ್ಟಡಕ್ಕೆ ಕ್ಯಾಮೆರಾ ಹಿಡಿದು ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ರಜೆ ಬಂತೆಂದರೆ ಕೆಂಗೇರಿ, ಉಪನಗರ, ವಳಗೇರಹಳ್ಳಿ, ಕೊಮ್ಮಘಟ್ಟದ ಹುಡುಗ ಹುಡುಗಿಯರು ನಾಲ್ಕೈದು ಜನ ಗುಂಪು ಕಟ್ಟಿ, ಖಾಲಿ ಬಿದ್ದ ಹಳೇ ಮನೆ, ಮುಚ್ಚಿದ ಕಾರ್ಖಾನೆ, ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟ್‌ಗಳ ಕಡೆ ಫೋಟೊ ತೆಗೆಯಲು ಹೊರಡುತ್ತಾರೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ಬೆಂಗಳೂರಿನ ಇನ್ನೊಂದು ತುದಿಯ ಎನ್‌ಜಿಇಎಫ್ ಕಾರ್ಖಾನೆಯ ಗೋಡೆಯೂ ದೂರವೇನಲ್ಲ. ಈ ಆಸೆ ತಪ್ಪಲ್ಲ. ರಾಜಾ ಮಿಲ್ ಇದ್ದಲ್ಲಿ ಮಾಲ್ ಬಂದಿದೆ, ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಒಡೆಯುವ ಮುಂಚೆ ಯಾರೋ ತೆಗೆದಿಟ್ಟ ಚಿತ್ರವೇ ಮುಂದೆ ದಾಖಲೆ.

ಆದರೆ ಆಸೆಗೂ ಒಂದು ಕಟ್ಟು ಬೇಕು. ಉಳಿದೆಲ್ಲ ನಿಯಮಗಳಿಗೂ ಮೂಲವಾದ ನಿಯಮ ಇದು: ಬೀಗ ಮುರಿದಿದೆ, ಕಾಂಪೌಂಡ್ ಬಿದ್ದಿದೆ, ವಾಚ್‌ಮನ್ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಒಳಗೆ ಹೋಗಲು ಅನುಮತಿ ಸಿಕ್ಕಂತಲ್ಲ. ಪಾಳು ಬಿದ್ದ ಕಟ್ಟಡಕ್ಕೂ ಒಡೆಯರಿರುತ್ತಾರೆ. ಮೊದಲು ಕೇಳಿ, ಆಮೇಲೆ ನೋಡಿ, ಕೊನೆಗೆ ಕ್ಯಾಮೆರಾ ತೆಗೆಯಿರಿ. ಈ ಕ್ರಮ ಹಿಂದುಮುಂದಾಗಬಾರದು.

1. ಅನುಮತಿ

ಮಾಡಬೇಕಾದ್ದು:

- ಕಟ್ಟಡ ಯಾರದೆಂದು ತಿಳಿದುಕೊಳ್ಳಿ. ಪಕ್ಕದ ಟೀ ಅಂಗಡಿಯವರು, ಎದುರು ಮನೆಯ ಅಜ್ಜಿ, ವಾಚ್‌ಮನ್, ಈ ಮೂವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಗೊತ್ತಾಗದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದರೆ ಸ್ವತ್ತಿನ ಕ್ರಯ, ಅಡಮಾನಗಳ ಜಾಡು ಸಿಗುತ್ತದೆ.
- ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ದಿನಾಂಕ, ಸಮಯ, ಬರುವವರ ಹೆಸರು ಅದರಲ್ಲಿರಲಿ. ಮಾಲೀಕರ ವಾಟ್ಸ್ಆ್ಯಪ್ ಸಂದೇಶವಾದರೂ ಸರಿ.
- ಸರ್ಕಾರಿ ಕಟ್ಟಡವಾದರೆ ಸಂಬಂಧಪಟ್ಟ ಇಲಾಖೆಗೆ ಎರಡು ಪ್ರತಿ ಅರ್ಜಿ ಕೊಟ್ಟು, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಅರ್ಜಿ ತಲುಪಿದ್ದಕ್ಕೆ ಗುರುತು ಮಾತ್ರ, ಒಳಗೆ ಹೋಗಲು ಪರವಾನಗಿಯಲ್ಲ. ಉತ್ತರ ಬರುವ ತನಕ ಕಾಯಿರಿ.

ಮಾಡಬಾರದ್ದು:

- ವಾಚ್‌ಮನ್ ಕೈಗೆ ಐವತ್ತು ನೂರು ತುರುಕಿ ಒಳಗೆ ನುಗ್ಗಬೇಡಿ. ಅನುಮತಿ ಕೊಡುವ ಅಧಿಕಾರ ಅವರಿಗಿಲ್ಲ. ನಾಳೆ ಏನಾದರೂ ಆದರೆ ಕೆಲಸ ಹೋಗುವುದು ಅವರದು.
- ‘ಈ ಸ್ವತ್ತು ನ್ಯಾಯಾಲಯದ ತಡೆಯಾಜ್ಞೆಗೆ ಒಳಪಟ್ಟಿದೆ’, ‘ಬ್ಯಾಂಕಿನ ಸ್ವಾಧೀನದಲ್ಲಿದೆ’ ಎಂಬ ಬೋರ್ಡ್ ಕಂಡರೆ ಹಿಂದಿರುಗಿ. 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. ಆ ಕಾಲದ ಖಾತೆಯೇ ಮುಂದುವರಿದು, ಹಳೇ ಊರಿನ ಮನೆ ಇನ್ನೂ ತಾತನ ಹೆಸರಿನಲ್ಲೇ ಇದ್ದು, ಮೊಮ್ಮಕ್ಕಳು ಪಾಲಿಗಾಗಿ ಕೋರ್ಟಿನಲ್ಲಿ ಇರಬಹುದು. ಅಂಥ ಕಡೆ ಒಬ್ಬರು ಹೂಂ ಅಂದರೆ ಸಾಲದು. ಇನ್ನೊಬ್ಬರು ದೂರು ಕೊಡುತ್ತಾರೆ.
- ರೈಲ್ವೆ ಜಾಗ, ಮೆಟ್ರೊ ಡಿಪೊ, ವಿದ್ಯುತ್ ಉಪಕೇಂದ್ರ, ರಕ್ಷಣಾ ಇಲಾಖೆಯ ಜಮೀನು, ಇವುಗಳ ಬೇಲಿ ದಾಟಲೇಬೇಡಿ. ರೈಲ್ವೆ ಜಾಗದ ಅತಿಕ್ರಮ ಪ್ರವೇಶಕ್ಕೆ ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ ಇದೆ.

ಕಾನೂನಿನ ಮಾತು ಇನ್ನೊಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಮನೆಯಂಥ ಕಟ್ಟಡದೊಳಗೆ ನುಗ್ಗಿದರೆ ಸಜೆ ಒಂದು ವರ್ಷದವರೆಗೆ ಏರುತ್ತದೆ. ಕೆಟ್ಟ ಉದ್ದೇಶ ಇದ್ದರೆ ಮಾತ್ರ ಇದು ಅನ್ವಯಿಸುತ್ತದೆ ಎನ್ನುವುದು ನಿಜ. ಆದರೆ ‘ನಾವು ಬರೀ ಫೋಟೊ ತೆಗೆಯೋಕೆ ಹೋಗಿದ್ವಿ ಸಾರ್’ ಎಂದು ಠಾಣೆಯಲ್ಲಿ ಹೇಳಿ ಒಪ್ಪಿಸುವಷ್ಟರಲ್ಲಿ ರಜೆ ಮುಗಿದಿರುತ್ತದೆ.

2. ಹೊತ್ತು ಮತ್ತು ಹವೆ

ಮಾಡಬೇಕಾದ್ದು:

- ಬೆಳಿಗ್ಗೆ ಆರೂವರೆಗೆ ಹೋಗಿ, ಹತ್ತು ಗಂಟೆಯೊಳಗೆ ಹೊರಬನ್ನಿ. ಕಿಟಕಿಯಿಂದ ಓರೆಯಾಗಿ ಬೀಳುವ ಒಳ್ಳೆಯ ಬೆಳಕು ಸಿಗುವುದೂ ಆಗಲೇ.
- ತಲೆಗೆ ಎರಡು ಲೀಟರ್ ನೀರು, ಒಂದೆರಡು ಒಆರ್‌ಎಸ್ ಪೊಟ್ಟಣ ಇರಲಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ತಗಡಿನ ಶೆಡ್ಡಿನೊಳಗಿನ ಕಾವು ಹೊರಗಿನದಕ್ಕಿಂತಲೂ ಹೆಚ್ಚು.

ಮಾಡಬಾರದ್ದು:

- ಏಪ್ರಿಲ್, ಮೇ ತಿಂಗಳ ಸಂಜೆ ಹೊತ್ತಿನಲ್ಲಿ ಒಳಗಿರಬೇಡಿ. ಬೇಸಿಗೆ ಮಳೆ ಗುಡುಗಿನೊಂದಿಗೆ ದಿಢೀರನೆ ಬರುತ್ತದೆ. 2023ರ ಮೇ 21ರ ಮಧ್ಯಾಹ್ನ ಸುರಿದ ಅಂಥ ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತರು. ಒಣಗಿ ಬಿರುಕು ಬಿಟ್ಟ ಮಣ್ಣಿನ ಗೋಡೆ ಮೊದಲ ಮಳೆಯ ನೀರು ಕುಡಿದಾಗಲೇ ಕುಸಿಯುವುದು.
- ವೃಷಭಾವತಿಯ ದಂಡೆಯಲ್ಲಿರುವ ಕಟ್ಟಡಗಳಿಗೆ ಮೋಡ ಕಟ್ಟಿದ ದಿನ ಹೋಗಲೇಬೇಡಿ. 2020ರ ಜೂನ್ ಮಳೆಯಲ್ಲಿ ಮೈಸೂರು ರಸ್ತೆಯ ಬದಿ ಈ ಹೊಳೆಯ ತಡೆಗೋಡೆಯೇ ಕುಸಿದಿತ್ತು.

3. ಜೊತೆಗಾರರು

ಮಾಡಬೇಕಾದ್ದು:

- ಕನಿಷ್ಠ ನಾಲ್ವರು ಹೋಗಿ. ಅವರಲ್ಲಿ ಒಬ್ಬರಾದರೂ ಗೇಟಿನ ಬಳಿ ಹೊರಗೇ ನಿಲ್ಲಬೇಕು. ಇದು ಬೇಸರದ ಕೆಲಸ, ಸರದಿ ಮೇಲೆ ಮಾಡಿ.
- ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಲೈವ್ ಲೊಕೇಶನ್ ಹಾಕಿಡಿ. ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೆ ಅವರು ಫೋನ್ ಮಾಡಲಿ. ಎತ್ತದಿದ್ದರೆ 112ಕ್ಕೆ ಕರೆ ಹೋಗಲಿ.
- ಒಳಗೆ ಅಪರಿಚಿತರು ಕಂಡರೆ, ಹೆಂಡದ ಬಾಟಲಿ, ಸಿರಿಂಜು ಬಿದ್ದಿದ್ದರೆ ಆ ಕ್ಷಣವೇ ಎಲ್ಲರೂ ಒಟ್ಟಿಗೆ ಹೊರಬನ್ನಿ.

ಮಾಡಬಾರದ್ದು:

- ಒಬ್ಬರೇ ಹೋಗಬೇಡಿ, ಇಬ್ಬರೇ ಆದರೂ ಬೇಡ. 2013ರ ಆಗಸ್ಟ್‌ನಲ್ಲಿ ಮುಂಬೈನ ಪಾಳು ಬಿದ್ದ ಶಕ್ತಿ ಮಿಲ್‌ಗೆ ಪತ್ರಿಕೆಯ ಕೆಲಸದ ಮೇಲೆ ಫೋಟೊ ತೆಗೆಯಲು ಹೋಗಿದ್ದ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಸಹೋದ್ಯೋಗಿಯನ್ನು ಕಟ್ಟಿಹಾಕಿದ್ದರು. ತಪ್ಪು ಮಾಡಿದವರು ದುರುಳರು, ಹೋದವರಲ್ಲ. ಆದರೂ ಜಾಗ ಎಂಥದೆಂದು ತಿಳಿದು ಹೋಗುವ ಹೊಣೆ ನಮ್ಮದು.
- ಹದಿನೆಂಟು ತುಂಬದವರನ್ನು ಹಿರಿಯರಿಲ್ಲದೆ ಕರೆದೊಯ್ಯಬೇಡಿ. ‘ನನ್ನ ತಮ್ಮ ಧೈರ್ಯವಂತ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.
- ಪಂತ ಕಟ್ಟಬೇಡಿ. ‘ದೆವ್ವ ಇದೆಯಂತೆ, ರಾತ್ರಿ ಹೋಗಿ ತೋರಿಸು’ ಎನ್ನುವ ಗೆಳೆಯನನ್ನು ಗುಂಪಿನಿಂದ ಬಿಡಿ.

4. ಒಳಗೆ ಕಾಲಿಡುವಾಗ

ಮಾಡಬೇಕಾದ್ದು:

- ದಪ್ಪ ಅಟ್ಟೆಯ ಶೂ, ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟ್, ಎನ್95 ಮಾಸ್ಕ್ ಹಾಕಿ. ಕೈಗೊಂದು ಟಾರ್ಚ್ ಇರಲಿ. ಮೊಬೈಲಿನ ಬೆಳಕನ್ನು ನಂಬಬೇಡಿ, ಬ್ಯಾಟರಿ ಮುಗಿದರೆ ಫೋನೂ ಹೋಯಿತು, ದಾರಿಯೂ ಹೋಯಿತು.
- ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಗೋಡೆ ಉಬ್ಬಿದೆಯೇ, ತೊಲೆ ಬಾಗಿದೆಯೇ, ಚಾವಣಿಯ ಗಾರೆ ಉದುರಿ ಕಂಬಿ ತುಕ್ಕು ಹಿಡಿದು ಕಾಣುತ್ತಿದೆಯೇ ನೋಡಿ. ಮೂರರಲ್ಲಿ ಒಂದಿದ್ದರೂ ಒಳಗೆ ಹೋಗಬೇಡಿ.
- ನೆಲ ನೋಡಿಕೊಂಡು ನಡೆಯಿರಿ, ನಿಂತ ಮೇಲೆ ಕ್ಯಾಮೆರಾ ನೋಡಿ. ಎರಡನ್ನೂ ಒಟ್ಟಿಗೆ ಮಾಡುವವರೇ ಬೀಳುವುದು.

ಮಾಡಬಾರದ್ದು:

- ಸಿಮೆಂಟ್ ಶೀಟಿನ ಮಾಡಿನ ಮೇಲೆ ಹತ್ತಬೇಡಿ. ಹಳೇ ಕಾರ್ಖಾನೆಗಳ ಈ ಕಲ್ನಾರು ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಹಪ್ಪಳ. ಒಡೆದಾಗ ಏಳುವ ಎಳೆಎಳೆ ದೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಅದರ ಕಾಯಿಲೆ ತಲೆ ಎತ್ತುವುದು ಹತ್ತಾರು ವರ್ಷಗಳ ಮೇಲೆ.
- ಮದ್ರಾಸ್ ತಾರಸಿಯ ಹಳೇ ಮನೆಯಲ್ಲಿ ಮಹಡಿ ಏರಬೇಡಿ. ತಾರಸಿಯನ್ನು ಹೊತ್ತಿರುವುದು ಮರದ ಜಂತೆ. ಗೆದ್ದಲು ಅದನ್ನು ಒಳಗಿನಿಂದ ತಿಂದಿದ್ದರೆ ಹೊರಗೆ ಗೊತ್ತಾಗುವುದಿಲ್ಲ.
- ಸಂಪು, ಬಾವಿ, ಲಿಫ್ಟ್ ಗುಂಡಿ, ನೆಲಮಾಳಿಗೆಗೆ ಇಳಿಯಬೇಡಿ. ಹಲಗೆ, ಗೋಣಿಚೀಲ ಮುಚ್ಚಿದ ನೆಲದ ಮೇಲೆ ಹೆಜ್ಜೆ ಇಡಬೇಡಿ. ಗಾಳಿಯಾಡದ ಕಡೆ ವಿಷಾನಿಲ ಇರಬಹುದು, ಉಸಿರಿಗೆ ಬೇಕಾದಷ್ಟು ಆಮ್ಲಜನಕ ಇಲ್ಲದಿರಬಹುದು. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯೊಳಗೆ 2020ರ ಮೇ ತಿಂಗಳಲ್ಲಿ ಕದ್ದು ಇಳಿದವರಲ್ಲಿ ಮೂವರು ಸತ್ತರು. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯಬಾರದು. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳದವರು ಬರಲಿ.
- ತೂಗುತ್ತಿರುವ ವೈರು, ಹಳೇ ಟ್ರಾನ್ಸ್‌ಫಾರ್ಮರ್, ಎಣ್ಣೆ ಸೋರುವ ಪೀಪಾಯಿ, ಹೆಸರಿಲ್ಲದ ಡಬ್ಬ, ಯಾವುದನ್ನೂ ಮುಟ್ಟಬೇಡಿ.

5. ಹಾವು, ಜೇನು, ನಾಯಿ

ಮನುಷ್ಯ ಬಿಟ್ಟ ಮನೆಗೆ ಮೊದಲು ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವು, ಕೊಳಕುಮಂಡಲ.

ಮಾಡಬೇಕಾದ್ದು:

- ಕೋಲಿನಿಂದ ನೆಲ ಕುಟ್ಟುತ್ತಾ ನಡೆಯಿರಿ. ಕೈ ಇಡುವ ಜಾಗಕ್ಕೆ ಮೊದಲು ಟಾರ್ಚ್ ಬಿಡಿ.
- ಹಾವು ಕಚ್ಚಿದರೆ ಕಚ್ಚಿಸಿಕೊಂಡವರನ್ನು ಮಲಗಿಸಿ, ಉಂಗುರ, ವಾಚು ಬಿಚ್ಚಿ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು 108 ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸಾಗಿಸಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಪ್ರಕರಣವೆಂದು ಘೋಷಿಸಿದೆ. ಹಾಗಾಗಿ ಆಸ್ಪತ್ರೆ ಅದನ್ನು ವರದಿ ಮಾಡಲೇಬೇಕು.
- ನಾಯಿ, ಕೋತಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ರೇಬೀಸ್ ಲಸಿಕೆ ಹಾಕಿಸಿ. ಬಾವಲಿ ಕಚ್ಚಿದರೂ, ಪರಚಿದರೂ ವೈದ್ಯರಿಗೆ ತೋರಿಸಿ. ತುಕ್ಕು ಮೊಳೆ ಚುಚ್ಚಿದರೆ ಟಿಟಿ ಮರೆಯಬೇಡಿ.

ಮಾಡಬಾರದ್ದು:

- ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ರಕ್ತ ಹೀರುವುದು, ನಾಟಿ ಮದ್ದಿಗೆ ಓಡುವುದು ಬೇಡ. ಹಾವನ್ನು ಹಿಡಿದು ತರುವ ಸಾಹಸವೂ ಬೇಡ.
- ಹೆಜ್ಜೇನು ಕಟ್ಟಿದ ಗೋಡೆಯ ಕೆಳಗೆ ಸೆಂಟು ಹಾಕಿಕೊಂಡು ನಿಲ್ಲಬೇಡಿ, ಹೊಗೆ ಎಬ್ಬಿಸಬೇಡಿ, ಡ್ರೋನ್ ಹಾರಿಸಬೇಡಿ.
- ಗೂಡಿನಲ್ಲಿರುವ ಗೂಬೆ, ಬಾವಲಿಗಳ ಮೇಲೆ ಫ್ಲ್ಯಾಶ್ ಹೊಡೆಯಬೇಡಿ.

6. ಫೋಟೊ ತೆಗೆಯುವಾಗ, ತೆಗೆದ ಮೇಲೆ

ಮಾಡಬೇಕಾದ್ದು:

- ಬೆಳಕು ಕಡಿಮೆ ಇರುವ ಕಡೆ ಟ್ರೈಪಾಡ್ ಬಳಸಿ. ಲೆನ್ಸ್ ಬದಲಾಯಿಸುವುದಿದ್ದರೆ ಹೊರಗೇ ಬದಲಾಯಿಸಿಕೊಂಡು ಬನ್ನಿ, ಒಳಗಿನ ದೂಳು ಸೆನ್ಸರ್‌ಗೆ ಶತ್ರು.
- ಪೂರ್ಣ ಕಟ್ಟಡ, ಬಾಗಿಲು, ನಾಮಫಲಕ, ಯಂತ್ರ, ಗೋಡೆಯ ಬರಹ ಇವುಗಳ ಚಿತ್ರ ತಪ್ಪದೆ ತೆಗೆಯಿರಿ. ಚಿತ್ರದ ಕೆಳಗೆ ನಿಜವಾದ ಮಾಹಿತಿ ಬರೆಯಿರಿ. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಬಗ್ಗೆ ‘ಭೂತಬಂಗಲೆ’ ಎಂದು ಹಾಕುವುದು ಸುಲಭ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1936ರಲ್ಲಿ ಶುರುವಾದ ಬಲ್ಬಿನ ಕಾರ್ಖಾನೆ ಎಂದು ಬರೆದರೆ ಓದಿದವರಿಗೆ ಉಪಯೋಗ.
- ಅಲ್ಲಿ ದುಡಿದ ಹಿರಿಯರು ಸಿಕ್ಕರೆ ಕೂತು ಮಾತಾಡಿಸಿ. ‘ಅಣ್ಣಾ, ಈ ಶೆಡ್ಡಿನಲ್ಲಿ ಏನು ಕೆಲಸ ನಡೀತಿತ್ತು?’ ಎಂದು ಕೇಳಿದರೆ ಸಾಕು, ಕ್ಯಾಮೆರಾಕ್ಕೆ ಸಿಗದ್ದು ಸಿಗುತ್ತದೆ.

ಮಾಡಬಾರದ್ದು:

- ಏನನ್ನೂ ಎತ್ತಿಕೊಂಡು ಬರಬೇಡಿ. ಹಳೇ ಸ್ವಿಚ್ಚು, ಬೀಗದ ಕೈ, ಗಡಿಯಾರ, ಏನೇ ತಂದರೂ ಅದು ಕಳವು. ಗೋಡೆಯ ಮೇಲೆ ನಿಮ್ಮ ಹೆಸರನ್ನೂ ಬರೆಯಬೇಡಿ.
- ಹಾಜರಿ ಪುಸ್ತಕ, ಸಂಬಳದ ಚೀಟಿ, ಯಾರದೋ ಮದುವೆ ಫೋಟೊ ಸಿಕ್ಕರೆ ಹೆಸರು, ಮುಖ ಕಾಣುವಂತೆ ಹಾಕಬೇಡಿ. ಆ ಹೆಸರಿನವರು ಇನ್ನೂ ಬಾಕಿ ಹಣಕ್ಕಾಗಿ ಓಡಾಡುತ್ತಿರಬಹುದು.
- ಒಳಗೆ ಯಾರಾದರೂ ವಾಸವಿದ್ದರೆ ಅದು ಅವರ ಮನೆ. ಕೇಳದೆ ಫೋಟೊ ಬೇಡ, ಮಕ್ಕಳದಂತೂ ಬೇಡವೇ ಬೇಡ.
- ಜಾಗದ ನಿಖರ ಗುರುತು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ನಿಮ್ಮ ಹಿಂದೆಯೇ ಗುಜರಿ ಕಳ್ಳರು ಬರುತ್ತಾರೆ.
- ತಾರಸಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ರೀಲ್ಸ್ ಮಾಡಬೇಡಿ.
- ಡ್ರೋನ್ ನಿಯಮಗಳು 2021 ಪ್ರಕಾರ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕೆಂಪು, ಹಳದಿ ವಲಯವಿದ್ದರೆ ಅನುಮತಿಯಿಲ್ಲದೆ ಡ್ರೋನ್ ಎತ್ತಬೇಡಿ.

7. ಅನುಮತಿ ಸಿಗದಿದ್ದರೆ

ರಸ್ತೆಯಲ್ಲಿ ನಿಂತು ಗೇಟಿನ ಆಚೆಯಿಂದ ತೆಗೆಯಿರಿ. ಸಾರ್ವಜನಿಕರಿಗೆ ತೆರೆದ ಹಳೇ ಕಟ್ಟಡಗಳೂ ಇವೆ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ, ಹಳೇ ಸೆಂಟ್ರಲ್ ಜೈಲಿದ್ದ ಫ್ರೀಡಂ ಪಾರ್ಕ್‌ಗೆ ನಡೆದೇ ಹೋಗಬಹುದು. ಅಲ್ಲಿ ಸೆರೆಮನೆಯ ಕೋಣೆಗಳ ಬೆಳಕು ನೆರಳು ಯಾವ ಪಾಳು ಕಟ್ಟಡಕ್ಕೂ ಕಡಿಮೆಯಿಲ್ಲ. ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರ ‘ಪರಿಚಯ್’ ಪಾರಂಪರಿಕ ನಡಿಗೆಗೆ ಹೆಸರು ಕೊಡಿ. 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕಡೆ ಸೇರಿದರೆ ಕಲಿಕೆಯೂ ಆಗುತ್ತದೆ. ಒಬ್ಬ ವಿದ್ಯಾರ್ಥಿ ಕೇಳಿದರೆ ಕೊಡದ ಅನುಮತಿಯನ್ನು ಒಂದು ಸಂಸ್ಥೆ ಕೇಳಿದರೆ ಕೊಡುವವರೂ ಇದ್ದಾರೆ.

8. ಮನೆಯವರಿಗೆ

‘ಹೋಗಲೇಬೇಡ’ ಎಂದು ಗದರಿದರೆ ಮಕ್ಕಳು ಹೇಳದೆ ಹೋಗುತ್ತಾರೆ. ಅದು ಇನ್ನೂ ಅಪಾಯ. ಎಲ್ಲಿಗೆ, ಯಾರ ಜೊತೆ, ಯಾರ ಅನುಮತಿ ಎಂಬ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ನೇರ ಉತ್ತರ ಬಂದರೆ ಕಳಿಸಿ, ಇಲ್ಲವಾದರೆ ಬೇಡ. ಖಾಲಿ ಮನೆ, ಕಟ್ಟಡದ ಮಾಲೀಕರು ನೀರಿನ ಸಂಪಿಗೆ ಮುಚ್ಚಳ, ಗೇಟಿಗೆ ಬೀಗ, ಗೋಡೆಗೆ ಎಚ್ಚರಿಕೆಯ ಫಲಕ ಹಾಕಿಸಬೇಕು. ನೀರು ನಿಂತ ಜಾಗ ಮಕ್ಕಳಿಗೆ ಎಷ್ಟು ಅಪಾಯ ಎಂದು ಈ ಊರಿಗೆ ಬೇರೆ ಹೇಳಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೆಂಗೇರಿ ಕೆರೆಯಲ್ಲಿ ಅಣ್ಣ ತಂಗಿ ಇಬ್ಬರೂ ಮುಳುಗಿ ಸತ್ತರು.

ಹೊರಡುವವರಿಗೆ ಕೊನೆಯ ಮಾತು: ಬರಹದ ಅನುಮತಿ, ನಾಲ್ಕು ಜನ, ಹಗಲಿನ ಬೆಳಕು, ಗಟ್ಟಿ ನೆಲ, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆವತ್ತಿನ ಫೋಟೊ ಬಿಟ್ಟುಬಿಡಿ.