ತೊಳೆಯಲು ಕೊಟ್ಟ ವಾಹನ ಕೆಟ್ಟರೆ ಹೊಣೆ ಯಾರದು?

ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಹೆದ್ದಾರಿಯ ಬದಿಯಲ್ಲೂ ಬ್ಯಾಡಗಿ ಪೇಟೆಯ ದಾರಿಯಲ್ಲೂ 'ವಾಟರ್ ಸರ್ವಿಸ್' ಎಂಬ ಫಲಕಗಳು ಕಾಣಸಿಗುತ್ತವೆ. ಮೆಣಸಿನಕಾಯಿ ಚೀಲ ಇಳಿಸಿ ಬಂದ ಗೂಡ್ಸ್ ಗಾಡಿ, ಎರೆಮಣ್ಣು ಮೆತ್ತಿದ ಟ್ರ್ಯಾಕ್ಟರ್, ನಿಕಾಹ್‌ಗೆ ಹೊರಟ ಕಾರು ಎಲ್ಲವೂ ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ನಮ್ಮ ಸಮುದಾಯದ ಯುವಕರೂ ಈ ಕಸುಬಿನಲ್ಲಿದ್ದಾರೆ. ಇದು ಹಲಾಲ್ ದುಡಿಮೆ. ಆದರೆ ಹಲಾಲ್ ದುಡಿಮೆಯಲ್ಲೂ ಹಕ್ಕುಬಾಧ್ಯತೆಗಳನ್ನು ಅರಿಯದಿದ್ದರೆ ಹರಾಮ್ ನುಸುಳಿಬಿಡುತ್ತದೆ.

ಕೆಲವು ದಿನಗಳ ಹಿಂದೆ ಮಗ್ರಿಬ್ ನಮಾಝಿನ ಬಳಿಕ ಇಬ್ಬರು ನನ್ನ ಬಳಿಗೆ ಬಂದರು. ಒಬ್ಬರು ಬಾಡಿಗೆ ಕಾರಿನ ಮಾಲೀಕರು, ಇನ್ನೊಬ್ಬರು ವಾಟರ್ ಸರ್ವಿಸ್ ನಡೆಸುವವರು. ಕೆಲಸದ ಹುಡುಗ ಕಾರಿನ ಬಾನೆಟ್ ತೆರೆದು ಇಂಜಿನ್ ಮೇಲೆ ರಭಸವಾಗಿ ನೀರು ಬಿಟ್ಟಿದ್ದ. ಆ ಬಳಿಕ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಆರು ಸಾವಿರ ರೂಪಾಯಿ ಬಿಲ್ ಮಾಡಿದ್ದ.

"ತೊಳಿಯಾಕ ಕೊಟ್ಟಿದ್ನಿ ಮೌಲಾನಾ, ಕೆಡಸಾಕ ಅಲ್ಲ" ಎಂದರು ಕಾರಿನವರು.

"ಜವಾಬ್ದಾರಿ ನಮ್ಮದಲ್ಲ ಅಂತ ಬೋರ್ಡಿನ್ಯಾಗ ಬರಸೀನ್ರಿ. ಆದ್ರೂ ಇವ್ರು ಬಿಡವಲ್ರು. ಹುಡುಗನ ಪಗಾರದಾಗ ಮುರಕೊಂಡು ಕೊಡ್ತೀನಿ" ಎಂದರು ಅಂಗಡಿಯವರು.

ಆ ಹುಡುಗ ಹೊರಗೆ ವುಝೂ ಮಾಡುವ ಕಟ್ಟೆಯ ಬಳಿ ನಿಂತಿದ್ದ. ಅವನನ್ನು ಯಾರೂ ಒಳಗೆ ಕರೆದಿರಲಿಲ್ಲ.

ಇಲ್ಲಿ ಮೂರು ಪ್ರಶ್ನೆಗಳಿವೆ. ವಾಹನಕ್ಕಾದ ನಷ್ಟವನ್ನು ತುಂಬಿಕೊಡಬೇಕೇ? ತುಂಬಬೇಕಾದವರು ಯಾರು? ಗೋಡೆಯ ಮೇಲಿನ ಫಲಕ ಹೊಣೆಯನ್ನು ಅಳಿಸುತ್ತದೆಯೇ?

ಕೈಗೆ ಬಂದದ್ದು ಅಮಾನತ್ತು

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ (ಅನ್ನಿಸಾ: 58). ಪ್ರವಾದಿವರ್ಯರ(ಸ) ಮನೆಯಲ್ಲಿ ಒಮ್ಮೆ ಅವರ ಪತ್ನಿಯೊಬ್ಬರ ಕೈಯಿಂದ ಇನ್ನೊಬ್ಬ ಪತ್ನಿ ಕಳುಹಿಸಿದ್ದ ಆಹಾರದ ಬಟ್ಟಲು ಒಡೆಯಿತು. ಪ್ರವಾದಿವರ್ಯರು(ಸ) ಚೂರುಗಳನ್ನು ತಾವೇ ಆರಿಸಿದರು, ಒಡೆದ ಬಟ್ಟಲನ್ನು ಆ ಮನೆಯಲ್ಲೇ ಉಳಿಸಿಕೊಂಡು, ಇಡೀ ಬಟ್ಟಲೊಂದನ್ನು ಅದರ ಒಡತಿಗೆ ಕಳುಹಿಸಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆ ಇದೆ. ಬಟ್ಟಲು ಒಡೆದವರನ್ನು ಅವರು ಅವಮಾನಿಸಲಿಲ್ಲ, ಬಟ್ಟಲಿನ ಒಡತಿಗೆ ನಷ್ಟವಾಗಲೂ ಬಿಡಲಿಲ್ಲ.

ಹಝ್ರತ್ ಉಮರ್(ರ) ಕುದುರೆಯೊಂದನ್ನು ಕೊಳ್ಳಲು ಮಾತಾಡಿ, ಪರೀಕ್ಷೆಗಾಗಿ ಸವಾರಿ ಮಾಡಿಸಿದಾಗ ಅದು ಊನಗೊಂಡಿತು. ಹಿಂದಿರುಗಿಸಲು ಹೋದರೆ ಮಾಲೀಕ ಒಪ್ಪಲಿಲ್ಲ. ಶುರೈಹ್ ಎಂಬವರನ್ನು ಮಧ್ಯಸ್ಥರನ್ನಾಗಿ ಮಾಡಲಾಯಿತು. ಸುಸ್ಥಿತಿಯಲ್ಲಿ ಪಡೆದುದನ್ನು ಸುಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಇಲ್ಲವೇ ಬೆಲೆ ಕೊಟ್ಟು ಇಟ್ಟುಕೊಳ್ಳಬೇಕು ಎಂದು ಅವರು ಖಲೀಫರ ವಿರುದ್ಧವೇ ತೀರ್ಪಿತ್ತರು. ಉಮರ್(ರ) ಕೋಪಿಸಿಕೊಳ್ಳುವ ಬದಲು ಅವರನ್ನು ಖಾಝಿಯಾಗಿ ನೇಮಿಸಿದರೆಂದು ವರದಿಯಾಗಿದೆ. ಅಂದಿನ ವಾಹನ ಕುದುರೆ, ಇಂದಿನದು ಕಾರು.

ಎರಡು ಬಗೆಯ ಕೆಲಸಗಾರರು

ಕೂಲಿಗೆ ದುಡಿಯುವವರನ್ನು ಫಿಕ್ಹ್ ವಿದ್ವಾಂಸರು ಎರಡಾಗಿ ವಿಂಗಡಿಸಿದ್ದಾರೆ. ಒಬ್ಬನೇ ಧಣಿಗೆ ತನ್ನ ಸಮಯವನ್ನು ಕೊಟ್ಟು ಸಂಬಳ ಪಡೆಯುವವನು 'ಅಜೀರ್ ಖಾಸ್'. ಬಂದವರೆಲ್ಲರ ಕೆಲಸವನ್ನು ಒಪ್ಪಿಕೊಂಡು ಆ ಕೆಲಸಕ್ಕೆ ಕೂಲಿ ಪಡೆಯುವವನು 'ಅಜೀರ್ ಮುಶ್ತರಕ್'. ದರ್ಜಿ, ಅಗಸ, ಬಣ್ಣ ಹಾಕುವವನು ಎರಡನೆಯ ಬಗೆಯವರು. ವಾಟರ್ ಸರ್ವಿಸ್ ನಡೆಸುವವರೂ ಇದೇ ಸಾಲಿಗೆ ಸೇರುತ್ತಾರೆ. ಅವರ ಬಳಿ ಪಗಾರಕ್ಕಿರುವ ಹುಡುಗ ಮೊದಲನೆಯ ಬಗೆಯವನು.

ಅಜೀರ್ ಮುಶ್ತರಕ್‌ನ ಕೆಲಸದಿಂದಲೇ ವಸ್ತು ಹಾಳಾದರೆ ಅವನೇ ಹೊಣೆ ಎಂಬುದು ಹನಫೀ ಮದ್‌ಹಬ್‌ನಲ್ಲಿ ಇಮಾಮ್ ಅಬೂ ಹನೀಫಾ(ರ) ಮತ್ತು ಅವರ ಇಬ್ಬರು ಪ್ರಮುಖ ಶಿಷ್ಯರ ಅಭಿಪ್ರಾಯ. ಅಗಸ ಬಟ್ಟೆಯನ್ನು ಬಡಿಯುವಾಗ ಅದು ಹರಿಯುವುದು, ಹಮಾಲ ಜಾರಿ ಹೊರೆ ಬೀಳುವುದು ಇದಕ್ಕೆ ಮರ್ಗೀನಾನಿಯವರ 'ಹಿದಾಯಾ' ಗ್ರಂಥದಲ್ಲಿರುವ ಉದಾಹರಣೆಗಳು. ಉಸ್ಮಾನೀ ಸಾಮ್ರಾಜ್ಯದಲ್ಲಿ 1869ರಿಂದ 1876ರವರೆಗೆ ಸಿದ್ಧಗೊಂಡ 'ಮಜಲ್ಲಾ' ಸಂಹಿತೆಯ 611ನೇ ಕಲಮು, ಅಲಕ್ಷ್ಯವಿರಲಿ ಇಲ್ಲದಿರಲಿ, ಅವನ ಕೃತ್ಯದಿಂದಾದ ನಷ್ಟಕ್ಕೆ ಅವನೇ ಹೊಣೆ ಎನ್ನುತ್ತದೆ. ಕೆಲಸಗಾರನು ಬೇಕೆಂದೇ ಮಾಡಲಿಲ್ಲ ಎಂಬುದು ಅವನನ್ನು ಪಾಪದಿಂದ ಪಾರುಮಾಡುತ್ತದೆ, ಆದರೆ ಪರಿಹಾರದಿಂದ ಪಾರುಮಾಡುವುದಿಲ್ಲ.

ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ ಅವನ ಅತಿಕ್ರಮ ಅಥವಾ ಅಲಕ್ಷ್ಯ ಕಂಡುಬಂದರೆ ಮಾತ್ರ ಹೊಣೆ. ಹಾಗಿದ್ದರೂ ಇಂಜಿನ್‌ನ ವಿದ್ಯುತ್ ಭಾಗಗಳನ್ನು ಮುಚ್ಚದೆ ರಭಸದ ನೀರು ಬಿಡುವುದು ಅಲಕ್ಷ್ಯವೇ ಆದ್ದರಿಂದ, ಈ ಪ್ರಕರಣದಲ್ಲಿ ಎರಡೂ ಮದ್‌ಹಬ್‌ಗಳ ತೀರ್ಮಾನ ಒಂದೇ ಆಗುತ್ತದೆ. ಕಸುಬುದಾರರನ್ನು ಹೊಣೆಗಾರರನ್ನಾಗಿ ಮಾಡದೆ ಜನರ ವ್ಯವಹಾರ ಸರಿಹೋಗದು ಎಂಬ ಅಭಿಪ್ರಾಯ ಹಝ್ರತ್ ಅಲೀ(ರ) ಅವರಿಂದಲೂ ವರದಿಯಾಗಿದೆ.

ಹುಡುಗನ ಪಗಾರ

ಮಜಲ್ಲಾದ 610ನೇ ಕಲಮಿನಂತೆ ಅಜೀರ್ ಖಾಸ್ ಅಮಾನತ್ತುದಾರ. ಧಣಿ ಹೇಳಿದ ಕೆಲಸವನ್ನು ವಾಡಿಕೆಯಂತೆ ಮಾಡುವಾಗ ಹಾನಿಯಾದರೆ ಅವನು ಹೊಣೆಯಲ್ಲ. ಬೇಕೆಂದೇ ಕೆಡಿಸಿದರೆ ಅಥವಾ ಧಣಿಯ ಸ್ಪಷ್ಟ ಆದೇಶವನ್ನು ಮೀರಿದರೆ ಮಾತ್ರ ಹೊಣೆಗಾರ. ನಾನು ಅಂಗಡಿಯವರನ್ನು ಕೇಳಿದೆ: "ಇಂಜಿನ್ನಿಗೆ ಹೆಂಗ ನೀರು ಬಿಡಬೇಕಂತ ಅವಗ ಹೇಳಿಕೊಟ್ಟಿದ್ರ್ಯಾ?" ಅವರು ತಲೆ ತಗ್ಗಿಸಿದರು. ಕಲಿಸದೆ ಪೈಪು ಕೈಗೆ ಕೊಟ್ಟವರು ಪಗಾರ ಮುರಿದುಕೊಳ್ಳುವುದು ಯಾವ ನ್ಯಾಯ? ಲಾಭ ಧಣಿಗೆ, ನಷ್ಟ ಕೂಲಿಯವನಿಗೆ ಎಂಬುದನ್ನು ಶರೀಅತ್ ಒಪ್ಪುವುದಿಲ್ಲ. ಕೂಲಿಯವನಿಂದ ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂಬ ಎಚ್ಚರಿಕೆ ಬುಖಾರಿಯ ಹದೀಸ್‌ನಲ್ಲಿದೆ.

ಫಲಕದ ಮಾತು

ಫಲಕ ಬರೆಸಿದ ಮಾತ್ರಕ್ಕೆ ತನ್ನ ಅಲಕ್ಷ್ಯದಿಂದಾದ ನಷ್ಟದ ಹೊಣೆ ಅಳಿಯುವುದಿಲ್ಲ. ನಮ್ಮ ದೇಶದ ಕಾನೂನೂ ಇದೇ ದಿಕ್ಕಿನಲ್ಲಿದೆ. 1872ರ ಭಾರತೀಯ ಕರಾರು ಕಾಯಿದೆಯ 151ನೇ ಕಲಮಿನಂತೆ, ಇತರರ ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿಗೆ ವಹಿಸುವಷ್ಟು ಎಚ್ಚರ ವಹಿಸಬೇಕು. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಒಪ್ಪಿಸಿದ್ದ ಕಾರು ಕಳವಾದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 2019ರ ನವೆಂಬರ್ 14ರಂದು ತೀರ್ಪು ನೀಡಿತು. ಚೀಟಿಯಲ್ಲಿ 'ಮಾಲೀಕರದೇ ಹೊಣೆ' ಎಂದು ಮುದ್ರಿಸಿ ತನ್ನ ಅಲಕ್ಷ್ಯದಿಂದ ಜಾರಿಕೊಳ್ಳಲಾಗದು ಎಂಬುದು ಅದರ ಸಾರ. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು.

ಹೊಣೆ ಇಲ್ಲದ ಸಂದರ್ಭಗಳು

ಹಾಗೆಂದು ಎಲ್ಲ ನಷ್ಟವನ್ನೂ ತೊಳೆದವನ ತಲೆಗೆ ಕಟ್ಟಬಾರದು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಧಾರಣೆ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಉದ್ರಿಕ್ತರು ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾವು ಮರೆತಿಲ್ಲ. ತಡೆಯಲಾಗದ ಅಂಥ ಬೆಂಕಿಯಲ್ಲಿ ತೊಳೆಯಲು ನಿಲ್ಲಿಸಿದ್ದ ವಾಹನವೂ ಸುಟ್ಟರೆ ಅಂಗಡಿಯವನು ಹೊಣೆಯಲ್ಲ. ಬೆಂಕಿ ಹಚ್ಚಿದವನೇ ಹೊಣೆ. ಮೊದಲೇ ಸೀಳಿದ್ದ ಗಾಜು, ಸಡಿಲವಾಗಿದ್ದ ಕನ್ನಡಿಗಳದ್ದೂ ಹಾಗೆಯೇ. ಎಚ್ಚರಿಸಿದ ಮೇಲೂ ಮಾಲೀಕನೇ ಹಟ ಹಿಡಿದು ಇಂಜಿನ್ ತೊಳೆಸಿದ್ದರೆ ಆಮೇಲೆ ದೂರುವುದು ಸಲ್ಲದು. ಹಕ್ಕು ಸಾಧಿಸುವವನು ಪುರಾವೆ ಒದಗಿಸಬೇಕು, ನಿರಾಕರಿಸುವವನು ಪ್ರಮಾಣ ಮಾಡಬೇಕು ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ನಿಯಮ. ಹಳೆಯ ಭಾಗ ಕೆಟ್ಟದ್ದಕ್ಕೆ ಇಡೀ ಗಾಡಿಯನ್ನೇ ಹೊಸದು ಮಾಡಿಸಿಕೊಳ್ಳುವುದು ಪರಿಹಾರವಲ್ಲ, ಅದು ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನುವುದು.

ಆದ್ದರಿಂದ ವಾಹನ ಒಪ್ಪಿಸುವಾಗಲೇ ಇಬ್ಬರೂ ಒಮ್ಮೆ ಸುತ್ತ ನೋಡಲಿ. ಇರುವ ಗೀರು, ಸೀಳುಗಳನ್ನು ಚೀಟಿಯಲ್ಲಿ ಬರೆಯಲಿ, ಇಲ್ಲವೇ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಲಿ. ಇಂಜಿನ್ ತೊಳೆಯಬೇಕೋ ಬೇಡವೋ ಎಂಬುದನ್ನು ಮೊದಲೇ ಇತ್ಯರ್ಥಪಡಿಸಲಿ. ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸಿದ ಧರ್ಮದವರಿಗೆ ಇದು ಭಾರವಾಗಬಾರದು.

ಆ ಸಂಜೆ ಹುಡುಗನನ್ನು ಒಳಗೆ ಕರೆಸಿ ನಡುವೆ ಕೂರಿಸಿಕೊಂಡೆವು. ಅಂಗಡಿಯವರು ಬಿಲ್ಲಿನ ಹಣವನ್ನು ತಾವೇ ಕೊಡಲು ಒಪ್ಪಿದರು. ಅವರ ಕೈ ಬಿಗಿಯಾಗಿರುವುದನ್ನು ಕಂಡ ಕಾರಿನವರು ಸಾವಿರ ರೂಪಾಯಿ ಬಿಟ್ಟು, ಉಳಿದದ್ದಕ್ಕೆ ಎರಡು ತಿಂಗಳ ಗಡುವು ಕೊಟ್ಟರು. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡುವುದು, ಬಿಟ್ಟುಕೊಡುವುದು ಇನ್ನೂ ಉತ್ತಮವೆಂಬುದು ಕುರ್‌ಆನಿನ ಬೋಧನೆ (ಅಲ್‌ಬಕರಾ: 280). ಹುಡುಗನಿಗೆ ಆ ತಿಂಗಳ ಪಗಾರ ಪೂರ್ತಿ ಸಿಕ್ಕಿತು.

ನಮ್ಮ ಕೈಗೆ ಬಂದ ಪರರ ಸೊತ್ತನ್ನೂ ನಮ್ಮ ಕೈಕೆಳಗೆ ದುಡಿಯುವವರ ಬೆವರನ್ನೂ ಅಮಾನತ್ತೆಂದು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.