ಬೀಜಕ್ಕೆ ಹೊದಿಕೆ ಬಂದ ಬಗೆ

ರಾತ್ರಿ ನೆನೆಹಾಕಿದ ಕಡಲೆಕಾಳನ್ನು ಬೆಳಿಗ್ಗೆ ಬಟ್ಟೆಯಿಂದ ಒರೆಸಿ ಬೆರಳುಗಳ ನಡುವೆ ಮೆಲ್ಲಗೆ ಒತ್ತಿದರೆ, ಅದರ ಕೊಕ್ಕಿನ ಬಳಿಯ ಸಣ್ಣ ತೂತಿನಿಂದ ನೀರಿನ ಹನಿ ಹೊರಬರುತ್ತದೆ. ಹೂವಿನಲ್ಲಿದ್ದಾಗ ಪರಾಗನಳಿಕೆ ಒಳಹೊಕ್ಕ ದಾರಿ ಇದೇ. ಈ ತೂತು ಉಂಟಾದ ಬಗೆಯನ್ನು ತಿಳಿಯಲು ಬೀಜಗಳೇ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

ಆಗ ನೆಲದ ಮೇಲಿನ ಸಸ್ಯಗಳು ಇಂದಿನ ಜರೀಗಿಡಗಳಂತೆ ಬೀಜಾಣುಗಳಿಂದ ವೃದ್ಧಿಯಾಗುತ್ತಿದ್ದವು. ಧೂಳಿನಷ್ಟು ಸಣ್ಣದಾದ ಬೀಜಾಣು ಒದ್ದೆ ನೆಲದಲ್ಲಿ ಮೊಳೆತ ಮೇಲೆ, ಅಲ್ಲಿ ಹುಟ್ಟುವ ಗಂಡು ಲಿಂಗಾಣು ನೀರಿನಲ್ಲಿ ಈಜಿ ಹೆಣ್ಣು ಲಿಂಗಾಣುವನ್ನು ಸೇರಬೇಕು. ತೇವವಿಲ್ಲದಿದ್ದರೆ ಸಂತಾನವಿಲ್ಲ. ಜರೀಗಿಡಗಳು ಮಲೆನಾಡಿನ ತೊರೆಯ ದಡಗಳಲ್ಲಿ ಹುಲುಸಾಗಿದ್ದು ಬಯಲುಸೀಮೆಯಲ್ಲಿ ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ.

ಮುಂದೆ ಕೆಲವು ಸಸ್ಯಗಳಲ್ಲಿ ಸಣ್ಣ ಗಂಡು ಬೀಜಾಣು, ದೊಡ್ಡ ಹೆಣ್ಣು ಬೀಜಾಣು ಎಂದು ಎರಡು ಬಗೆಗಳಾದವು. ಕ್ರಮೇಣ ತಾಯಿಗಿಡವು ಹೆಣ್ಣು ಬೀಜಾಣುವನ್ನು ಉದುರಿಸದೆ ತನ್ನಲ್ಲಿಯೇ ಇಟ್ಟುಕೊಂಡು ಪೋಷಿಸತೊಡಗಿತು. ಗಂಡು ಬೀಜಾಣು ಪರಾಗವಾಗಿ ಗಾಳಿಯಲ್ಲಿ ಅಲ್ಲಿಗೆ ಬರತೊಡಗಿತು.

ಹೊದಿಕೆ ಮಾತ್ರ ಒಮ್ಮೆಗೇ ಬರಲಿಲ್ಲ. ಬೆಲ್ಜಿಯಂ ದೇಶದಲ್ಲಿ ದೊರೆತ 'ರುಂಕೇರಿಯ' ಎಂಬ ಪಳೆಯುಳಿಕೆಗೆ ಸುಮಾರು 38.5 ಕೋಟಿ ವರ್ಷ ವಯಸ್ಸು. 2004ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನು ಬೀಜದ ಪೂರ್ವರೂಪವೆಂದು ಗುರುತಿಸಿತು. ಇದರಲ್ಲಿ ಹೆಣ್ಣು ಬೀಜಾಣುಕೋಶದ ಸುತ್ತ ಬೆರಳುಗಳಂಥ ಎಳೆಗಳಿವೆ. ಮೇಲ್ಭಾಗ ತೆರೆದೇ ಇದೆ. ಇದನ್ನು ಬೀಜ ಎನ್ನಲಾಗದು. ಸುಮಾರು ಎರಡು ಕೋಟಿ ವರ್ಷಗಳ ನಂತರದ 'ಎಲ್ಕಿನ್ಸಿಯ' ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಸಿಕ್ಕಿದೆ. ಇದರಲ್ಲಿ ಎಳೆಗಳು ಬುಡದಲ್ಲಿ ಕೂಡಿಕೊಂಡಿವೆ, ತುದಿಗಳು ಇನ್ನೂ ಬಿಡಿಯಾಗಿವೆ. ತಿಳಿದಿರುವ ಅತಿ ಹಳೆಯ ಬೀಜಗಳಲ್ಲಿ ಇದೂ ಒಂದು. ತರುವಾಯದ ಸಸ್ಯಗಳಲ್ಲಿ ಎಳೆಗಳು ತುದಿಯವರೆಗೂ ಬೆಸೆದು, ಪರಾಗ ಬರಲು ಒಂದು ಕಿರುದಾರಿ ಮಾತ್ರ ಉಳಿಯಿತು. ಕಡಲೆಕಾಳಿನ ತೂತು ಅದೇ.

ಹಳೆಯ ಅಭ್ಯಾಸ ಪೂರ್ತಿ ಅಳಿದಿಲ್ಲ. ತೋಟಗಳಲ್ಲಿ ಅಂದಕ್ಕಾಗಿ ಬೆಳೆಸುವ ಸೈಕಸ್ ಗಿಡದ ಗಂಡು ಲಿಂಗಾಣು ಇಂದಿಗೂ ಈಜುತ್ತದೆ. ಆದರೆ ಹೊರಗಿನ ನೀರಿನಲ್ಲಲ್ಲ, ಅಂಡಕದೊಳಗಿನ ಒಂದಿಷ್ಟು ದ್ರವದಲ್ಲಿ. ಜಪಾನಿನ ವಿಜ್ಞಾನಿಗಳು 1896ರಲ್ಲಿ ಇದನ್ನು ಕಂಡುಹಿಡಿದರು.

ಹೊದಿಕೆಯ ಕೆಲಸ ಹೊಲದಲ್ಲಿಯೂ ಮುಂದುವರಿಯುತ್ತದೆ. ಶೇಂಗಾ ಬೀಜದ ಮೇಲಿನ ತೆಳು ಕೆಂಪು ಸಿಪ್ಪೆ ಅದೇ ಹೊದಿಕೆ. ಅದು ಹರಿದರೆ ಮಣ್ಣಿನ ಶಿಲೀಂಧ್ರಗಳು ಸುಲಭವಾಗಿ ಒಳಹೊಕ್ಕು ಬೀಜ ಕೊಳೆಯುತ್ತದೆ, ಸಾಲಿನಲ್ಲಿ ಸಸಿಗಳು ಕಡಿಮೆಯಾಗುತ್ತವೆ. ಆದ್ದರಿಂದ ಬಿತ್ತನೆಯ ಶೇಂಗಾವನ್ನು ಕಾಯಿಯಲ್ಲಿಯೇ ಸಂಗ್ರಹಿಸಿಟ್ಟು, ಬಿತ್ತನೆ ಹತ್ತಿರವಾದಾಗ ಸುಲಿಯಬೇಕು. ಸಿಪ್ಪೆ ಹರಿದ ಮತ್ತು ಒಡೆದ ಬೀಜಗಳನ್ನು ಆರಿಸಿ ತೆಗೆದು, ಉಳಿದವನ್ನು ಮಾತ್ರ ಬೀಜೋಪಚಾರ ಮಾಡಿ ಬಿತ್ತಬೇಕು.